ಹಳೇ ಬ್ಯಾಟರಿಯ ಬಗ್ಗೆ ನಾವು ನಂಬಿಕೊಂಡು ಬಂದದ್ದು, ನಿಜಕ್ಕೂ ಇರುವುದು

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಿಗೆ ಸೋಲಾರ್ ಹೊಸತಲ್ಲ. ಕಾಡಿನೊಳಗೆ ಹಾದು ಬರುವ ಲೈನಿನ ಮೇಲೆ ಒಂದು ಮರ ಉರುಳಿದರೆ ಸಾಕು, ಹೆಸ್ಕಾಂ ಕರೆಂಟು ಎರಡು ಮೂರು ದಿನ ಬಾರದಿರುವುದು ಮಳೆಗಾಲದಲ್ಲಿ ಮಾಮೂಲು. 1995ರಲ್ಲಿ ಶುರುವಾದ ಸೆಲ್ಕೊದಂಥ ಕಂಪನಿಗಳು ಕರ್ನಾಟಕದ ಹಳ್ಳಿಗಳಿಗೆ ಸೋಲಾರ್ ದೀಪ ಒಯ್ಯತೊಡಗಿ ಮೂರು ದಶಕವಾಯಿತು. ಪ್ಯಾನೆಲ್ಲು ಇಪ್ಪತ್ತು ವರ್ಷ ದಾಟಿಯೂ ದುಡಿಯುತ್ತದೆ. ಬ್ಯಾಟರಿ ಮಾತ್ರ ಅದರ ಕಾಲು ಭಾಗದ ಆಯುಷ್ಯಕ್ಕೇ ಸೋಲುತ್ತದೆ. ಹೊಸತರ ಬೆಲೆ ಕೇಳಿ ಹಿಂದೆ ಸರಿದವರು ಬಳಸಿದ ಬ್ಯಾಟರಿ ಹುಡುಕುತ್ತಾರೆ, ಇಲ್ಲವೇ ಅಟ್ಟದ ಮೂಲೆಯಲ್ಲಿದ್ದದ್ದನ್ನೇ ಮತ್ತೆ ಇಳಿಸುತ್ತಾರೆ. ಅದನ್ನು ಪರೀಕ್ಷಿಸುವ ವಿಷಯದಲ್ಲಿ ನಮ್ಮಲ್ಲಿ ಓಡಾಡುವ ಮಾತುಗಳು ಹಲವು. ಅವುಗಳಲ್ಲಿ ಬಹುಪಾಲನ್ನು ನಾವೂ ನಂಬಿದ್ದವರೇ.

ಮೀಟರ್ ಹಿಡಿದಾಗ ಹನ್ನೆರಡೂವರೆ ವೋಲ್ಟ್ ತೋರಿಸಿದರೆ ಬ್ಯಾಟರಿ ಗಟ್ಟಿಯಿದೆ ಎಂಬುದು ಮೊದಲ ನಂಬಿಕೆ.

ವಾಸ್ತವ: ವೋಲ್ಟೇಜು ಹೇಳುವುದು ಬ್ಯಾಟರಿ ಎಷ್ಟು ತುಂಬಿದೆ ಎಂಬುದನ್ನು. ಅದರಲ್ಲಿ ಎಷ್ಟು ಹಿಡಿಸುತ್ತದೆ ಎಂಬುದನ್ನಲ್ಲ. ಹೂಳು ತುಂಬಿದ ಕೆರೆಯೂ ಮಳೆಗಾಲದಲ್ಲಿ ಕೋಡಿ ಬೀಳುತ್ತದೆ. ಬೇಸಿಗೆಗೆ ಅದರಲ್ಲಿ ಎಷ್ಟು ನೀರು ಉಳಿಯಿತು ಎಂಬುದು ಬೇರೆ ಲೆಕ್ಕ. ಸಾಮರ್ಥ್ಯದಲ್ಲಿ ಮೂರರಲ್ಲೊಂದು ಪಾಲು ಮಾತ್ರ ಉಳಿದಿರುವ ಬ್ಯಾಟರಿಯೂ ಪೂರ್ತಿ ಚಾರ್ಜ್ ಆದಾಗ 12.6 ತೋರಿಸಬಲ್ಲದು. ಅಲ್ಲದೆ, ಚಾರ್ಜಿಂಗ್ ನಿಲ್ಲಿಸಿದ ಕೂಡಲೇ ನೋಡಿದರೆ ಅಂಕಿ ಏರಿಯೇ ಇರುತ್ತದೆ. ತಂತಿ ಬಿಚ್ಚಿ, ಒಂದು ರಾತ್ರಿ ಸುಮ್ಮನೆ ಬಿಟ್ಟು ಅಳೆಯಬೇಕು. ಆಗ 12.6ರ ಆಸುಪಾಸು ಇದ್ದರೆ ತುಂಬಿದೆ, 12.2 ಅಂದರೆ ಅರ್ಧ, 11.8 ಅಂದರೆ ಖಾಲಿ. ಮೀಟರು ಖಚಿತವಾಗಿ ಹಿಡಿದುಕೊಡುವ ಕಾಯಿಲೆ ಒಂದಿದೆ: ದಿನವಿಡೀ ಚಾರ್ಜ್ ಮಾಡಿದರೂ 10.5ರ ಸುತ್ತಲೇ ನಿಂತರೆ ಆರು ಸೆಲ್‌ಗಳಲ್ಲಿ ಒಂದು ಸತ್ತಿದೆ. ಒಂದು ಸೆಲ್‌ನ ಪಾಲು 2.1 ವೋಲ್ಟ್, ಅಷ್ಟೇ ಕಡಿಮೆ ಬಂದಿರುತ್ತದೆ. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಮನೆಗೆ ತರಬಾರದು.

ಎರಡು ತುದಿಗೆ ತಂತಿಯನ್ನೋ ಸ್ಪ್ಯಾನರನ್ನೋ ತಾಗಿಸಿ, ಕಿಡಿ ಜೋರಾಗಿ ಹಾರಿದರೆ ಬ್ಯಾಟರಿಯಲ್ಲಿ ತಾಕತ್ತಿದೆ ಎನ್ನುತ್ತಾರೆ.

ವಾಸ್ತವ: ಕಿಡಿ ಹಾರಿಸಲು ಕ್ಷಣದ ಕರೆಂಟು ಸಾಕು, ಅದು ಮುದಿ ಬ್ಯಾಟರಿಯಲ್ಲೂ ಇರುತ್ತದೆ. ಇಡೀ ರಾತ್ರಿ ದೀಪ ಉರಿಸುವುದು ಬೇರೆಯೇ ಕೆಲಸ. ಇದು ತಪ್ಪು ಪರೀಕ್ಷೆ ಮಾತ್ರವಲ್ಲ, ಅಪಾಯವೂ ಹೌದು. ಚಾರ್ಜ್ ಆಗುವಾಗ ಸೆಲ್‌ಗಳಿಂದ ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕರಷ್ಟು ಸೇರಿದರೂ ಕಿಡಿಗೆ ಸಿಡಿಯುತ್ತದೆ, ಆಸಿಡ್ ಸಮೇತ ಮುಖಕ್ಕೆ ಬರುತ್ತದೆ. ಅಡಿಕೆ ಬೇಯಿಸುವ ಒಲೆಯ ಹತ್ತಿರ, ದೀಪವೋ ಊದುಬತ್ತಿಯೋ ಉರಿಯುವ ಜಾಗದಲ್ಲಿ ಬ್ಯಾಟರಿ ಇಡಬಾರದು ಎನ್ನುವುದೂ ಇದೇ ಕಾರಣಕ್ಕೆ.

ಬೆಳಗ್ಗೆ ಬಿಸಿಲು ಬಿದ್ದು ಗಂಟೆಯೊಳಗೆ ಚಾರ್ಜ್ ಕಂಟ್ರೋಲರಿನ ಹಸಿರು ದೀಪ ಹತ್ತಿದರೆ ಬ್ಯಾಟರಿ ಬಲು ಚೆನ್ನಾಗಿ ಚಾರ್ಜು ಹಿಡಿಯುತ್ತದೆ ಎಂದು ಸಂತೋಷಪಡುವುದುಂಟು.

ವಾಸ್ತವ: ತದ್ವಿರುದ್ಧ. ರಾತ್ರಿಯಿಡೀ ಬಳಸಿದ ಬ್ಯಾಟರಿ ಅಷ್ಟು ಬೇಗ ತುಂಬಿತು ಎಂದರೆ ತುಂಬಿಸಿಕೊಳ್ಳಲು ಒಳಗೆ ಜಾಗ ಉಳಿದಿಲ್ಲ. ಬೇಗ ತುಂಬಿ ಬೇಗ ಬರಿದಾಗುವುದು ಮುಪ್ಪಿನ ಮೊದಲ ಗುರುತು.

ಇನ್ನು ಆಸಿಡ್ಡಿನ ಮಾತು. ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನ ಬುರುಡೆ ಕೆಳಗೇ ನಿಂತರೆ ಆಸಿಡ್ ಸತ್ವ ಕಳೆದುಕೊಂಡಿದೆ, ಹೊಸ ಆಸಿಡ್ ಸುರಿದರೆ ಬ್ಯಾಟರಿ ಎದ್ದು ಕೂರುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ.

ವಾಸ್ತವ: ಆಸಿಡ್ ಎಲ್ಲಿಗೂ ಹೋಗಿಲ್ಲ. ಬ್ಯಾಟರಿ ಖಾಲಿಯಾಗುವಾಗ ಅದು ಪ್ಲೇಟುಗಳಿಗೆ ಸೀಸದ ಸಲ್ಫೇಟ್ ಆಗಿ ಅಂಟಿಕೊಳ್ಳುತ್ತದೆ, ಚಾರ್ಜ್ ಆಗುವಾಗ ಮರಳುತ್ತದೆ. ಆವಿಯಾಗಿ, ಅನಿಲವಾಗಿ ಹೋಗುವುದು ನೀರು ಮಾತ್ರ. ಮೇಲಿನಿಂದ ಆಸಿಡ್ ಸುರಿದರೆ ಅಂಕಿ ಏರುತ್ತದೆ, ಸಾಮರ್ಥ್ಯ ಏರುವುದಿಲ್ಲ. ಪ್ಲೇಟುಗಳ ಸವೆತ ಇನ್ನಷ್ಟು ಚುರುಕಾಗುತ್ತದೆ. ಅಂಕಿಗಾಗಿಯೇ ಹೀಗೆ ಸುರಿದು ಮಾರುವವರಿರುವುದರಿಂದ ಆರೂ ಸೆಲ್‌ಗಳನ್ನು ಹೋಲಿಸಿ ನೋಡುವುದು ಮುಖ್ಯ. ಸೋಲಾರ್ ಟ್ಯೂಬುಲರ್ ಬ್ಯಾಟರಿ ಪೂರ್ತಿ ತುಂಬಿದಾಗ ಸಾಮಾನ್ಯವಾಗಿ 1.240ರ ಆಸುಪಾಸು ಇರಬೇಕು. ಐದು ಸೆಲ್‌ಗಳು 1.235, 1.240 ಎನ್ನುತ್ತಿರುವಾಗ ಒಂದೇ ಒಂದು 1.160ರಲ್ಲಿ ಕೂತಿದ್ದರೆ ಇಡೀ ಬ್ಯಾಟರಿ ಆ ಒಂದರ ಮಟ್ಟಕ್ಕೇ ಇಳಿಯುತ್ತದೆ. ವ್ಯತ್ಯಾಸ 0.030 ದಾಟಿದರೆ ಅನುಮಾನಿಸಬೇಕು. ಪೂರ್ತಿ ಚಾರ್ಜ್ ಕೊಟ್ಟ ಮೇಲೂ ಅಂತರ ಕೂಡದಿದ್ದರೆ ಕೈಬಿಡಬೇಕು. ಅಂಕಿಯ ಜೊತೆಗೆ ಬಣ್ಣವನ್ನೂ ನೋಡಿ. ಗಾಜಿನ ಕೊಳವೆಯೊಳಗೆ ಏರಿ ಬರುವ ದ್ರವ ತಿಳಿಯಾಗಿದ್ದರೆ ಸರಿ. ಕಂದು ಮಡ್ಡಿ ಕಲಕಿದಂತೆ ಬಂದರೆ ಪ್ಲೇಟಿನ ಜೀವದ್ರವ್ಯ ಉದುರಿ ತಳ ಸೇರುತ್ತಿದೆ. ತೂಕ ನೋಡಿ ಕೊಳ್ಳುವವರನ್ನು ಮೋಸಗೊಳಿಸುವುದೂ ಇದೇ ಮಡ್ಡಿ: ಉದುರಿದ ಸೀಸ ಪೆಟ್ಟಿಗೆಯಲ್ಲೇ ಇರುತ್ತದಲ್ಲ, ತೂಕ ಇಳಿಯುವುದಿಲ್ಲ.

ಅಂಗಡಿಯ ಡಿಜಿಟಲ್ ಟೆಸ್ಟರು ಗುಡ್ ಎಂದಿತು, ಬಲ್ಬು ಹಚ್ಚಿದಾಗ ಪಳಪಳ ಉರಿಯಿತು, ಇನ್ನೇನು ನೋಡುವುದಿದೆ ಎನ್ನುತ್ತೇವೆ.

ವಾಸ್ತವ: ಮುಖ್ಯವಾದದ್ದನ್ನು ನೋಡುವುದು ಬಾಕಿಯಿದೆ. ಆ ಕೈಟೆಸ್ಟರುಗಳಲ್ಲಿ ಹೆಚ್ಚಿನವು ವಾಹನದ ಬ್ಯಾಟರಿಗಾಗಿ ಮಾಡಿದವು. ಇಂಜಿನ್ ಎಬ್ಬಿಸುವಷ್ಟು ಕರೆಂಟನ್ನು ಕೆಲವು ಕ್ಷಣ ಕೊಡಬಲ್ಲದೇ ಎಂದು ಅವು ಅಂದಾಜಿಸುತ್ತವೆ. ನಮಗೆ ಬೇಕಾದದ್ದು ಗಂಟೆಗಟ್ಟಲೆಯ ಲೆಕ್ಕ. ಅದಕ್ಕೆ ಭಾರ ಹೊರಿಸಿ ಕಾಯುವುದಲ್ಲದೆ ಬೇರೆ ದಾರಿಯಿಲ್ಲ, ಮಾಡುವುದೂ ಕಷ್ಟವಲ್ಲ. 150 ಆಂಪಿಯರ್-ಅವರ್ ಬ್ಯಾಟರಿ ಎಂದಿಟ್ಟುಕೊಳ್ಳಿ. ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಬಿಟ್ಟು, ಗ್ಯಾರೇಜಿನಲ್ಲಿ ಸಿಗುವ 55 ವ್ಯಾಟಿನ ಮೂರು ಹೆಡ್‌ಲೈಟ್ ಬಲ್ಬು ಜೋಡಿಸಿ. ಒಂದೊಂದು ಹೆಚ್ಚೂಕಡಿಮೆ 4.5 ಆಂಪಿಯರ್ ಎಳೆಯುತ್ತದೆ, ಮೂರಕ್ಕೆ 13.5. ಬಲ್ಬು ಕಾಯುವುದರಿಂದ ಹಂಚಿನ ಮೇಲಿಡಿ, ಬ್ಯಾಟರಿಯಿಂದ ದೂರವಿಡಿ. ಬೆಳಗ್ಗೆಯೇ ಶುರು ಮಾಡಿ ಅರ್ಧ ಗಂಟೆಗೊಮ್ಮೆ ವೋಲ್ಟೇಜು ಬರೆದುಕೊಳ್ಳಿ. 10.8ಕ್ಕೆ ಇಳಿದ ಕೂಡಲೇ ನಿಲ್ಲಿಸಬೇಕು. ಹೊಸ ಬ್ಯಾಟರಿ ಹನ್ನೊಂದು ಗಂಟೆ ಎಳೆಯಬೇಕು. ಏಳು ಗಂಟೆಗೆ ಮುಗಿದರೆ 94 ಆಂಪಿಯರ್-ಅವರ್ ಆಯಿತು, ಮೂರರಲ್ಲಿ ಎರಡು ಪಾಲಿಗೆ ತುಸು ಕಡಿಮೆ. ನಾಲ್ಕು ಎಲ್‌ಇಡಿ ದೀಪ, ಮೊಬೈಲ್ ಚಾರ್ಜು ಇಷ್ಟಕ್ಕೆ ಅದು ಇನ್ನೂ ಬಾಳುತ್ತದೆ. ಅಂಥದ್ದನ್ನು ಗುಜರಿಗೆ ಹಾಕುವುದೂ ತಪ್ಪೇ. ಮೂರು ಗಂಟೆಗೇ ಕುಸಿದರೆ ಮಾತ್ರ ಆಸೆ ಬಿಡಿ. ಎರಡನೇ ಗಂಟೆಯವರೆಗೆ ನಿಧಾನವಾಗಿ ಇಳಿಯುತ್ತಿದ್ದ ವೋಲ್ಟೇಜು ಒಮ್ಮೆಲೇ ಎರಡು ವೋಲ್ಟ್ ಜಾರಿತೇ? ಅದು ಒಂದು ಸೆಲ್ ಕೈಕೊಟ್ಟ ಗುರುತು. ಪರೀಕ್ಷೆ ಮುಗಿದ ಮೇಲೆ ತಡಮಾಡದೆ ಮತ್ತೆ ಚಾರ್ಜಿಗೆ ಹಾಕಬೇಕು.

ಸಿಡಿಲು ಬಡಿದರೆ ಬ್ಯಾಟರಿಯ ಶಕ್ತಿ ಎಳೆದುಕೊಂಡು ಹೋಗುತ್ತದೆ ಎಂಬ ಮಾತು ಮಳೆ ಹಿಡಿಯುವ ಮುಂಚಿನ ದಿನಗಳಲ್ಲಿ ಕೇಳಿಬರುತ್ತದೆ.

ವಾಸ್ತವ: ಮಾತು ಹುಟ್ಟಿದ್ದಕ್ಕೆ ಕಾರಣವಿದೆ, ಸಿಡಿಲಿನ ಮರುವಾರ ದೀಪ ಮಂಕಾಗುವುದು ನಿಜ. ಆದರೆ ಹೆಚ್ಚಾಗಿ ಸುಟ್ಟಿರುವುದು ಚಾರ್ಜ್ ಕಂಟ್ರೋಲರು. ಚಾರ್ಜು ನಿಂತು ಬ್ಯಾಟರಿ ಬರಿದಾಗಿರುತ್ತದೆ, ನಾವು ಬ್ಯಾಟರಿಯನ್ನು ಬೈಯುತ್ತೇವೆ. ಮಧ್ಯಾಹ್ನದ ಬಿಸಿಲಲ್ಲಿ ಬ್ಯಾಟರಿ ತುದಿಯಲ್ಲಿ ಮೀಟರ್ ಹಿಡಿದು, ವೋಲ್ಟೇಜು ಹದಿಮೂರೂವರೆ, ಹದಿನಾಲ್ಕರತ್ತ ಏರುತ್ತಿದೆಯೇ ನೋಡಿ. ಬೆಳಗಿನಷ್ಟೇ ಇದ್ದರೆ ದೋಷ ಕಂಟ್ರೋಲರಿನದೋ ತಂತಿಯದೋ.

ಹಾಗೆಯೇ ಆಷಾಢ, ಶ್ರಾವಣದಲ್ಲಿ ಬ್ಯಾಟರಿ ಹಾಳಾಗುವುದು ಗಾಳಿಯ ಶೀತಕ್ಕೆ ಎಂಬುದೂ ಪೂರ್ತಿ ಸರಿಯಲ್ಲ. ವಾರಗಟ್ಟಲೆ ಮೋಡ ಮುಚ್ಚಿ ಪ್ಯಾನೆಲ್ಲು ಕೊಡುವುದು ಅಲ್ಪ, ನಾವು ಎಳೆಯುವುದು ಮೊದಲಿನಷ್ಟೇ. ಅರೆಹೊಟ್ಟೆಯಲ್ಲೇ ಉಳಿದ ಬ್ಯಾಟರಿಯಲ್ಲಿ ಸಲ್ಫೇಟ್ ಹರಳುಗಟ್ಟುತ್ತದೆ. ಕರೆಂಟು ಬಂದ ದಿನ ಮೇನ್ಸ್ ಚಾರ್ಜರಿನಿಂದ ಪೂರ್ತಿ ತುಂಬಿಸಿದರೆ ಅರ್ಧ ಆಯುಷ್ಯ ಉಳಿದಂತೆ.

ಸಿಮೆಂಟು ನೆಲದ ಮೇಲಿಟ್ಟರೆ ಭೂಮಿ ಕರೆಂಟು ಹೀರುತ್ತದೆ, ಮಣೆ ಬೇಕೇ ಬೇಕು ಎನ್ನುತ್ತಾರೆ.

ವಾಸ್ತವ: ಹಿಂದೆ ಮರದ, ಗಟ್ಟಿ ರಬ್ಬರಿನ ಪೆಟ್ಟಿಗೆಗಳಿದ್ದ ಕಾಲದ ಎಚ್ಚರಿಕೆ ಅದು. ಇಂದಿನ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ದಾಟಿ ನೆಲಕ್ಕೆ ಏನೂ ಇಳಿಯುವುದಿಲ್ಲ. ಸೋರಿಕೆ ಇರುವುದು ಮೇಲ್ಗಡೆ: ಆಸಿಡ್ ಹನಿ, ಧೂಳು, ಮಳೆಗಾಲದ ತೇವ ಸೇರಿ ಎರಡು ತುದಿಗಳ ನಡುವೆ ಹಾದಿ ಮಾಡುತ್ತವೆ. ಮೀಟರಿನ ಒಂದು ಕಡ್ಡಿ ತುದಿಗೆ, ಇನ್ನೊಂದು ಬರಿಯ ಪ್ಲಾಸ್ಟಿಕ್ಕಿಗೆ ತಾಗಿಸಿ. ವೋಲ್ಟೇಜು ಕಂಡರೆ ಅಡುಗೆ ಸೋಡಾ ಕರಗಿಸಿದ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಸೋಡಾ ಸೆಲ್‌ನೊಳಗೆ ಇಳಿಯದಂತೆ. ಆಯುಧಪೂಜೆಯ ಅರಿಶಿನ ಕುಂಕುಮ, ಹೂವನ್ನು ಪೆಟ್ಟಿಗೆಯ ಮಗ್ಗುಲಿಗೆ ಏರಿಸಿದರೆ ಪೂಜೆಗೂ ಕೊರತೆಯಿಲ್ಲ, ಬ್ಯಾಟರಿಗೂ ಕೇಡಿಲ್ಲ.

ನಮ್ಮ ಬಾವಿ ನೀರು ತಿಳಿಯಾಗಿದೆ, ಹಂಚಿನ ಮೇಲಿಂದ ಬಿದ್ದ ಮಳೆ ನೀರು ಇನ್ನೂ ಶುದ್ಧ, ಡಿಸ್ಟಿಲ್ಡ್ ವಾಟರಿಗೆ ದುಡ್ಡೇಕೆ ಎಂಬ ಪ್ರಶ್ನೆ ಸಹಜ.

ವಾಸ್ತವ: ಕುಡಿಯಲು ಒಳ್ಳೆಯದಾದದ್ದು ಬ್ಯಾಟರಿಗೆ ಒಳ್ಳೆಯದಾಗಬೇಕಿಲ್ಲ. ನಮ್ಮದು ಜಂಬಿಟ್ಟಿಗೆಯ ನೆಲ, ಕಬ್ಬಿಣ ಹೇರಳ. ಕಬ್ಬಿಣದ ಅಂಶ ಸೆಲ್ ಸೇರಿದರೆ ಬ್ಯಾಟರಿ ಸುಮ್ಮನಿದ್ದಲ್ಲೇ ಬರಿದಾಗುತ್ತದೆ. ಹಂಚಿನ ನೀರಿನಲ್ಲಿ ಪಾಚಿ, ಧೂಳು ಬೆರೆತಿರುತ್ತವೆ. ಒಮ್ಮೆ ಒಳಸೇರಿದ ಕಲ್ಮಷವನ್ನು ಮತ್ತೆ ತೆಗೆಯಲಾಗದು.

ಎಪ್ಸಂ ಉಪ್ಪು, ಪಟಿಕ, ಪೊಟ್ಟಣದಲ್ಲಿ ಬರುವ ಪುಡಿಗಳು ಸತ್ತ ಬ್ಯಾಟರಿಯನ್ನು ಬದುಕಿಸುತ್ತವೆ ಎಂಬುದಕ್ಕೆ ಉತ್ತರ ಚಿಕ್ಕದು.

ವಾಸ್ತವ: ಉದುರಿದ ಪ್ಲೇಟನ್ನು ಯಾವ ಪುಡಿಯೂ ಮರಳಿ ಅಂಟಿಸದು. ಸಲ್ಫೇಟ್ ಕಟ್ಟಿದ್ದಷ್ಟೇ ಆಗಿದ್ದರೆ ಕಡಿಮೆ ಕರೆಂಟಿನ ದೀರ್ಘ ಚಾರ್ಜಿಂಗ್ ಒಂದಿಷ್ಟು ಚೇತರಿಕೆ ಕೊಡುತ್ತದೆ. ಪುಡಿಗೆ ಸಿಕ್ಕ ಹೆಸರು ಬಹುಪಾಲು ಆ ಚಾರ್ಜಿಂಗಿನದು.

ಎರಡು ಬ್ಯಾಟರಿಯ ಜೋಡಿಯಲ್ಲಿ ಒಂದು ಕೆಟ್ಟಾಗ ಅದೊಂದನ್ನೇ ಬದಲಿಸಿದರೆ ಖರ್ಚು ಅರ್ಧ ಎನಿಸುತ್ತದೆ.

ವಾಸ್ತವ: 24 ವೋಲ್ಟಿನ ಜೋಡಿಯಲ್ಲಿ ಹಳೆಯದು ಬೇಗ ತುಂಬಿ ಕುದಿಯುತ್ತದೆ, ಹೊಸತು ಅರ್ಧಕ್ಕೇ ಉಳಿಯುತ್ತದೆ. ಬಳಸಿದ ಬ್ಯಾಟರಿಯನ್ನೇ ಕೊಳ್ಳುವುದಾದರೆ ಒಂದೇ ಕಂಪನಿಯ, ಒಂದೇ ವಯಸ್ಸಿನ, ಭಾರದ ಪರೀಕ್ಷೆಯಲ್ಲಿ ಹತ್ತಿರ ಹತ್ತಿರ ಬಂದ ಎರಡನ್ನು ಹುಡುಕಬೇಕು.

ಕೊನೆಗೆ, ಕೈಬಿಟ್ಟ ಬ್ಯಾಟರಿಯ ಆಸಿಡ್ಡನ್ನು ಬೆಟ್ಟದಲ್ಲಿ ಚೆಲ್ಲಿ ಸೀಸ ಮಾರಿದರೆ ಯಾರಿಗೂ ತೊಂದರೆಯಿಲ್ಲ ಎಂಬುದು.

ವಾಸ್ತವ: ಆ ದ್ರವದಲ್ಲಿ ಸೀಸ ಬೆರೆತಿದೆ. ಬೆಟ್ಟದಲ್ಲಿ ಚೆಲ್ಲಿದ್ದು ಮಳೆಯೊಡನೆ ಇಳಿಯುವುದು ಕೆಳಗಿನ ತೋಟಕ್ಕೆ, ಅಬ್ಬಿ ನೀರಿಗೆ, ಬಾವಿಗೆ. ಸೀಸ ಕರಗಿಸುವ ಹೊಗೆ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಹಳೇ ಬ್ಯಾಟರಿ ವಾಪಸು ಪಡೆಯುವ ನಿಯಮ 2001ರಲ್ಲೇ ಬಂತು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ. ಆದ್ದರಿಂದ ಪೆಟ್ಟಿಗೆ ಬಿಚ್ಚದೆ, ಆಸಿಡ್ ಚೆಲ್ಲದೆ, ಬಿರಡೆ ಬಿಗಿಮಾಡಿ ನೆಟ್ಟಗೆ ನಿಲ್ಲಿಸಿಕೊಂಡೇ ಬ್ಯಾಟರಿ ಅಂಗಡಿಗೆ ಒಯ್ಯಿರಿ. ಹೊಸತು ಕೊಳ್ಳುವಾಗ ಹಳೆಯದರ ಬೆಲೆಯನ್ನು ಬಿಲ್ಲಿನಲ್ಲೇ ಕಳೆದುಕೊಡುತ್ತಾರೆ.