ಇಳಿಸಿದ್ದು ಯಾವಾಗ?
ನಮ್ಮ ಮಡಂತ್ಯಾರು ಕಡೆ ಕಳ್ಳಿನ ರುಚಿ ಬಲ್ಲವರು ರೇಟು ಕೇಳುವ ಮೊದಲು ಇಳಿಸಿದ ಹೊತ್ತು ಕೇಳುತ್ತಾರೆ. ಮೂರ್ತೆದಾರರು ತೆಂಗಿನ ಎಳೆ ಹೊಂಬಾಳೆಯನ್ನು ಬಿಗಿದು ಕಟ್ಟಿ, ಮೆಲ್ಲಗೆ ಬಡಿದು, ತುದಿಯನ್ನು ಬೆಳಿಗ್ಗೆ ಸಂಜೆ ತೆಳ್ಳಗೆ ಕೊಯ್ಯುತ್ತಾರೆ. ತೊಟ್ಟಿಕ್ಕುವ ರಸ ಬರೀ ಸಿಹಿ. ಮಡಕೆಯಲ್ಲಿ ಮನೆಮಾಡಿದ ಯೀಸ್ಟ್ ಸುಮ್ಮನಿರಬೇಕಲ್ಲ, ಮರದ ಮೇಲೆಯೇ ಹುದುಗು ಶುರು. ಒಳಗೆ ಸುಣ್ಣ ಬಳಿದರೆ ಸಿಹಿ ಉಳಿಯುತ್ತದೆ. ತಾಳೆಯದಾದರೆ ಕಾಯಿಸಿ ಓಲೆಬೆಲ್ಲ ಮಾಡುತ್ತಾರೆ.

ನನ್ನ ಓಟು ಬೆಳಗಿನ ಕಳ್ಳಿಗೆ. ಸೋಸಿ ಗ್ಲಾಸಿಗೆ ಹೊಯ್ದ ಮೇಲೆ ನೊರೆ ತಗ್ಗಲಿ, ಒಮ್ಮೆ ಮೂಸಿ ನೋಡಿ. ಮೊದಲು ಸಿಹಿ, ಬೆನ್ನಿಗೇ ಸಣ್ಣ ಹುಳಿ, ಮೂಗಿಗೇರುವ ಗ್ಯಾಸು. ಸಂಜೆಗೆ ಹುಳಿಯದ್ದೇ ಕಾರುಬಾರು. ಇನ್ನೂ ಇಟ್ಟರೆ ವಿನೆಗರ್. ಐಸ್ ಹಾಕುವವರೊಡನೆ ನನಗೆ ಮಾತಿಲ್ಲ.

ಜರ್ಮನಿಯ ಹಾಲರ್‌ಟೌನಲ್ಲೂ ಇಂಥದೇ ಅವಸರವಿದೆ. ಅಲ್ಲಿ ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಸುಗ್ಗಿ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ಒಣಗಿಸದ ಹಾಪ್ಸ್‌ನಲ್ಲಿ ಸುಮಾರು ಶೇ. 80 ನೀರೇ ಇರುವುದರಿಂದ ಬೇಗ ಕೆಡುತ್ತದೆ, ಕೊಯ್ದ ದಿನವೇ ಹಂಡೆಗೆ ಬೀಳಬೇಕು. ಹಾಗೆ ಹಸಿ ಹಾಪ್ಸ್ ಹಾಕಿ ಮಾಡಿದ ಪಿಲ್ಸ್‌ನರ್ ಬಿಯರನ್ನು ತಣ್ಣಗೆ, ಎತ್ತರದ ಗ್ಲಾಸಿನಲ್ಲಿ, ದಪ್ಪ ನೊರೆಯೊಡನೆ ಕೊಡುತ್ತಾರೆ. ಹಸಿರು ಹೂವಿನ ಘಮ ಇರುವುದು ಆ ನೊರೆಯಲ್ಲೇ.

ಮತ್ತೆ ನಮ್ಮೂರಿಗೆ ಬಂದರೆ, ಇಲ್ಲಿನ ಕ್ರೈಸ್ತರ ಮನೆಗಳಲ್ಲಿ ಹಬ್ಬಕ್ಕೆ ಮಾಡುವ, ಇಡ್ಲಿಯಂಥ ಸನ್ನಾದ ಹಿಟ್ಟು ಉಬ್ಬಿಸುತ್ತಿದ್ದುದೂ ಕಳ್ಳೇ. ಈಗ ಹಲವರು ಅಂಗಡಿಯ ಯೀಸ್ಟ್ ಪುಡಿ ಹಾಕುತ್ತಾರೆ. ಹಿಟ್ಟೇನೋ ಉಬ್ಬುತ್ತದೆ, ಆ ಪರಿಮಳ ಮಾತ್ರ ಬರುವುದಿಲ್ಲ.