ಬಾಯಿ ಮೂರು ಬೆರಳಷ್ಟು ತೆರೆಯುತ್ತಿಲ್ಲವೇ? ಅಡಿಕೆ ಜಗಿಯುವವರು ತಿಳಿಯಬೇಕಾದ ಕಿಣ್ವದ ವಿಷಯ

ಅಂಗಡಿ ಬಾಗಿಲು ತೆಗೆದ ಕೂಡಲೇ ಒಂದು ಪಾನ್ ಮಸಾಲ ಪ್ಯಾಕೆಟ್, ಊಟ ಆದ ಮೇಲೆ ಇನ್ನೊಂದು, ಗಿರಾಕಿ ಇಲ್ಲದ ಹೊತ್ತಲ್ಲಿ ಮತ್ತೊಂದು. ಹೀಗೆ ವರ್ಷಗಟ್ಟಲೆ ಜಗಿದವರಲ್ಲಿ ಕೆಲವರಿಗೆ ಮೊದಲು ಸಾರಿನ ಖಾರ ತಡೆಯಲಾಗಲ್ಲ. ಆಮೇಲೆ ಕೆನ್ನೆಯ ಒಳಭಾಗ ಬೆಳ್ಳಗಾಗಿ ಬಿಗಿಯುತ್ತದೆ. ಕೊನೆಗೆ ತುತ್ತು ಇಡೋಕೂ ಬಾಯಿ ತೆರೆಯದು. ವೈದ್ಯರು ಇದನ್ನು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ.

ಒಳಗೆ ಆಗುವುದೇನು?

ನಮ್ಮ ಜೀವಕೋಶಗಳ ಸುತ್ತ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ಹೆಣಿಗೆ ಇರುತ್ತದೆ. ಹಗ್ಗದ ಮಂಚ ಇದ್ದ ಹಾಗೆ ಅಂದುಕೊಳ್ಳಿ. ಹಳೇ ಹಗ್ಗ ಬಿಚ್ಚಬೇಕು, ಹೊಸದು ಹೆಣೆಯಬೇಕು. ಹಳೆಯದನ್ನು ಕತ್ತರಿಸುವ ಕೆಲಸ ಕೊಲಾಜಿನೇಸ್ ಎಂಬ ಕಿಣ್ವದ್ದು. ಇದಕ್ಕೆ ಎಂಎಂಪಿ-1 ಎಂಬ ಹೆಸರೂ ಇದೆ. ಸತುವಿನ ಅಂಶ ಇಲ್ಲದೆ ಇದು ಕೆಲಸ ಮಾಡದು. ಇದರ ಕೆಲಸ ಮಿತಿ ಮೀರದಂತೆ ತಡೆಯುವ ಟಿಂಪ್ ಎಂಬ ಪ್ರೋಟೀನುಗಳೂ ದೇಹದಲ್ಲೇ ಇವೆ.

ಈ ಬಗೆಯ ಕಿಣ್ವವನ್ನು ಮೊದಲು ಗುರುತಿಸಿದ್ದು 1962ರಲ್ಲಿ, ಅಮೆರಿಕದಲ್ಲಿ. ಕಪ್ಪೆಯ ಗೊದಮೊಟ್ಟೆಯ ಬಾಲ ಹೇಗೆ ಕರಗಿ ಹೋಗುತ್ತದೆ ಎಂದು ಹುಡುಕುತ್ತಿದ್ದ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೆರ್ ಇದನ್ನು ಕಂಡುಕೊಂಡರು.

ಅಡಿಕೆಯ ಪಾತ್ರ

ಅಡಿಕೆಯಲ್ಲಿರುವ ಅರೆಕೋಲಿನ್ ಕೊಲಾಜೆನ್ ತಯಾರಿಕೆ ಹೆಚ್ಚಿಸುತ್ತದೆ. ಅದರ ತಾಮ್ರದ ಅಂಶ ಎಳೆಗಳನ್ನು ಒಂದಕ್ಕೊಂದು ಬಿಗಿಯಾಗಿ ಬೆಸೆಯಲು ನೆರವಾಗುತ್ತದೆ. ಒಗರು ಕೊಡುವ ಟ್ಯಾನಿನ್‌ನಿಂದ ಆ ಎಳೆಗಳು ಕಿಣ್ವಕ್ಕೆ ಸುಲಭಕ್ಕೆ ತುಂಡಾಗುವುದಿಲ್ಲ. ಜತೆಗೆ ಟಿಂಪ್ ಪ್ರಮಾಣವೂ ಏರುತ್ತದೆ. ಅಂದರೆ ಹೊಸ ಹಗ್ಗ ಸುತ್ತುತ್ತಲೇ ಇದೆ, ಹಳೇದನ್ನು ಬಿಚ್ಚುವವರಿಲ್ಲ. ಕೆನ್ನೆ ಬಿಗಿಯುವುದು ಇದಕ್ಕೇ.

‘ತಂಬಾಕು ಇಲ್ವಲ್ಲ’ ಅನ್ನುವವರಿಗೆ

ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಗಿದೆ. ಪಾನ್ ಮಸಾಲದಲ್ಲಿ ತಂಬಾಕಿಲ್ಲ, ಏನೂ ಆಗಲ್ಲ ಎಂಬ ಮಾತು ಅಂಗಡಿಗಳಲ್ಲಿ ಸಾಮಾನ್ಯ. ಆದರೆ ಈ ಕಾಯಿಲೆಗೆ ಮುಖ್ಯ ಕಾರಣ ಅಡಿಕೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ 17 ವರ್ಷಗಳ ಅವಧಿಯಲ್ಲಿ ಈ ಕಾಯಿಲೆಯ 66 ಜನರನ್ನು ಗಮನಿಸಿದಾಗ 5 ಮಂದಿಗೆ ಬಾಯಿ ಕ್ಯಾನ್ಸರ್ ಬಂದಿತ್ತು.

ಏನು ಮಾಡಬೇಕು?

ಕನ್ನಡಿ ಮುಂದೆ ನಿಂತು ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಬಾಯಿಗೆ ಹಾಕಿ ನೋಡಿ. ಹಿಡಿಸದಿದ್ದರೆ, ಇಲ್ಲವೇ ಖಾರ ತಿಂದರೆ ಉರಿ ಇದ್ದರೆ ದಂತವೈದ್ಯರಿಗೆ ತೋರಿಸಿ. ಜಗಿಯುವುದನ್ನು ನಿಲ್ಲಿಸುವುದೇ ಮೊದಲ ಔಷಧ. ಬಾಯಿ ತೆರೆಯುವ ವ್ಯಾಯಾಮ ಮತ್ತು ಇಂಜೆಕ್ಷನ್‌ಗಳಿಂದ ಅನುಕೂಲ ಆಗಬಹುದು. ಕೆಲವರಿಗೆ ಕೊಡುವ ಹಯಲುರೊನಿಡೇಸ್ ಇಂಜೆಕ್ಷನ್ ಕೂಡ ಜೀವಕೋಶಗಳ ಸುತ್ತಲಿನ ವಸ್ತುವನ್ನು ಕರಗಿಸುವ ಕಿಣ್ವವೇ. ಕಾಯಿಲೆ ಬಲಿತರೆ ಆಪರೇಷನ್ ಬೇಕಾಗುತ್ತದೆ.

ಪೂರ್ತಿ ಬಿಗಿದ ಕೆನ್ನೆ ಮೊದಲಿನಂತೆ ಆಗುವುದು ಕಷ್ಟ. ಹಾಗಾಗಿ ಬೇಗ ತೋರಿಸಿದಷ್ಟೂ ಒಳ್ಳೆಯದು. ಪ್ಯಾಕೆಟ್ ಕೇಳಿ ಬರುವ ಕಾಲೇಜು ಹುಡುಗರಿಗೆ ಅಂಗಡಿಯವರೇ ಈ ಮಾತು ಹೇಳಿದರೆ ಇನ್ನೂ ಒಳ್ಳೆಯದು.