ಉಪವಾಸದ ತಟ್ಟೆಯಲ್ಲಿ ಪೆರು ದೇಶ

ನೌಪಾಡಾದಲ್ಲಿ ನಾವು ಬಿಡಾರ ಹೂಡಿದ ವರ್ಷ, ಆಷಾಢ ಏಕಾದಶಿಯಂದು ನೆರೆಮನೆಯ ಮರಾಠಿ ಅಜ್ಜಿಯವರು ಫರಾಳಕ್ಕೆ ಕರೆದರು. ಸಬ್ಬಕ್ಕಿಯ ಖಿಚಡಿ, ಆಲೂಗಡ್ಡೆಯ ಪಲ್ಯ, ಶೇಂಗಾ ಆಮಟಿ, ರಾಜಗೀರದ ಥಾಲೀಪೀಠ, ಮೊಸರು. ಇದಕ್ಕಿಂತ ಅಪ್ಪಟ ದೇಶೀ ಊಟ ಉಂಟೆ ಎನಿಸಿತು. ಆದರೆ ಮೊಸರೊಂದನ್ನುಳಿದು ಮುಖ್ಯ ಪದಾರ್ಥಗಳೆಲ್ಲವೂ ಕಡಲು ದಾಟಿ ಬಂದವು! ಆಲೂಗಡ್ಡೆಯ ತವರು ಪೆರು ದೇಶದ ಆಂಡಿಸ್ ಪರ್ವತಸೀಮೆ. ಶೇಂಗಾ ಹಾಗೂ ಸಬ್ಬಕ್ಕಿಗೆ ಮೂಲವಾದ ಮರಗೆಣಸು ದಕ್ಷಿಣ ಅಮೆರಿಕದವೇ. ರಾಜಗೀರದ ಬಂಧುವನ್ನು ಪೆರುವಿನ ರೈತರು 'ಕಿವಿಚಾ' ಎಂಬ ಹೆಸರಿನಿಂದ ಇಂದಿಗೂ ಬೆಳೆಯುತ್ತಾರೆ. ಅಕ್ಕಿ, ಗೋಧಿ ವರ್ಜ್ಯವಾದ ದಿನಕ್ಕೆ, ಪ್ರಾಚೀನ ಶಾಸ್ತ್ರಕಾರರು ಕಂಡರಿಯದ ಈ ಬೆಳೆಗಳೇ ಒದಗಿ ಬಂದುವು.

ಮಧುಮೇಹಿಗಳಾದ ನಮ್ಮ ತಂದೆಯವರಿಗೆ ಅಜ್ಜಿಯವರು ಖಿಚಡಿ ಬಡಿಸಿದ್ದು ಒಂದೇ ಸೌಟು. ಆಮಟಿ, ಮೊಸರು ಮಾತ್ರ ಧಾರಾಳ. ಹಿಂದಿನ ಏಕಾದಶಿಯಂದು ಅವರು ಸಬ್ಬಕ್ಕಿಯನ್ನೇ ಹೊಟ್ಟೆ ತುಂಬ ತಿಂದು ವೈದ್ಯರಿಂದ ಬೈಸಿಕೊಂಡ ಸಂಗತಿಯನ್ನು ಆಕೆಗೆ ಹೇಳಿದವರಾರೋ! ಸಬ್ಬಕ್ಕಿ ಬಹುತೇಕ ಬರಿಯ ಪಿಷ್ಟ. ರಕ್ತದ ಸಕ್ಕರೆಯನ್ನು ಬೇಗನೆ ಏರಿಸುತ್ತದೆ. 100 ಗ್ರಾಂ ಶೇಂಗಾದಲ್ಲಾದರೋ ಸುಮಾರು 25 ಗ್ರಾಂ, ರಾಜಗೀರದಲ್ಲಿ 13-14 ಗ್ರಾಂ ಸಸಾರಜನಕವಿದೆ. ಔಷಧ ಸೇವಿಸುವ ಮಧುಮೇಹಿಗಳು ವೈದ್ಯರನ್ನು ಕೇಳದೆ ಉಪವಾಸ ಹಿಡಿಯಲಾಗದು.

ತಂದೆಯವರು ಮತ್ತೆ ಖಿಚಡಿಗೆ ತಟ್ಟೆ ಚಾಚಿದಾಗ ಅಜ್ಜಿಯವರು "ಪುರೇ, ಭಾವೂ" ಎಂದು ಪಾತ್ರೆಯನ್ನೇ ಒಳಗೆ ಒಯ್ದರು.